ಹಳೇ ಮನೆಯಲ್ಲಿ ಹಿರಿಯರು: ಕತ್ತಲಲ್ಲಿ ಕೂರದೆ ಕರೆಂಟ್ ಉಳಿಸುವ ದಾರಿ

ಊರಿನ ಹಳೇ ಮನೆಗಳಲ್ಲಿ ಈಗ ಉಳಿದಿರುವವರು ಹೆಚ್ಚಾಗಿ ಇಬ್ಬರೇ, ಕೆಲವೆಡೆ ಒಬ್ಬರೇ. ಮಕ್ಕಳು ಬೆಂಗಳೂರಿಗೋ ಅದರಾಚೆಗೋ ಹೋಗಿರುತ್ತಾರೆ. ಸಂಜೆ ಏಳಾದರೂ ಹಜಾರದ ದೀಪ ಹಾಕಿರುವುದಿಲ್ಲ, ಟಿ.ವಿ. ಬೆಳಕೇ ದೀಪ. ಕೇಳಿದರೆ "ಸುಮ್ಮನೆ ಯಾಕೆ ಕರೆಂಟ್ ದಂಡ" ಎನ್ನುತ್ತಾರೆ. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಗೋಡೆ ಸವರಿಕೊಂಡೇ ನಡೆಯುತ್ತಾರೆ. ಸೆಖೆಗೆ ಬೆವರುತ್ತಿದ್ದರೂ ಫ್ಯಾನು ಎರಡರಲ್ಲೇ ತಿರುಗುತ್ತಿರುತ್ತದೆ.

ಈ ಲೆಕ್ಕವನ್ನು ಒಮ್ಮೆ ಕೂತು ಹಾಕಿ ನೋಡಿ. ಅರ್ಧ ವಾಟಿನ ರಾತ್ರಿ ದೀಪ ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಡೀ ಉರಿದರೆ ಆಗುವ ಖರ್ಚು 0.15 ಯೂನಿಟ್. 9 ವಾಟಿನ ಎಲ್‌ಇಡಿ ಬಲ್ಬನ್ನೇ ರಾತ್ರಿಯಿಡೀ ಬಿಟ್ಟರೂ ತಿಂಗಳಿಗೆ ಮೂರು ಯೂನಿಟ್ ಮುಟ್ಟುವುದಿಲ್ಲ. ಅದೇ ಮನೆಯ ಮೂರು ಹಳೇ ಫ್ಯಾನುಗಳು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 80 ಯೂನಿಟ್ ಆಗುತ್ತದೆ. ಉಳಿತಾಯ ಬರಬೇಕಾದ್ದು ಫ್ಯಾನು, ಗೀಸರ್, ಫ್ರಿಜ್ಜು, ಕಾದ ತಾರಸಿ ಇವುಗಳಿಂದ. ಹಿರಿಯರ ಕಣ್ಣು, ನಿದ್ದೆ, ಸೊಂಟದ ಮೂಳೆಯನ್ನು ಪಣಕ್ಕಿಟ್ಟು ಅಲ್ಲ. ಈ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿದರೆ ಖರ್ಚೂ ಹಿಡಿತದಲ್ಲಿರುತ್ತದೆ, ಮನೆಯವರ ಆರೋಗ್ಯಕ್ಕೂ ಆಧಾರವಾಗುತ್ತದೆ.

1. ಮೊದಲು ಬಿಲ್ ಓದಿ, ಆಮೇಲೆ ಮನೆಯವರ ದಿನಚರಿ ನೋಡಿ

ಹಿಂದಿನ ಹನ್ನೆರಡು ತಿಂಗಳ ಬಿಲ್ ಒಟ್ಟಿಗೆ ಇಟ್ಟುಕೊಳ್ಳಿ. ಯಾವ ತಿಂಗಳು ಯೂನಿಟ್ ಏರಿದೆ? ಏಪ್ರಿಲ್, ಮೇ ಆದರೆ ಫ್ಯಾನು, ಕೂಲರ್, ಎ.ಸಿ. ಡಿಸೆಂಬರ್, ಜನವರಿಯಲ್ಲೋ ಮಳೆಗಾಲದಲ್ಲೋ ಆದರೆ ಗೀಸರ್. ವರ್ಷಪೂರ್ತಿ ಒಂದೇ ಸಮ ಹೆಚ್ಚಿದ್ದರೆ ಹಳೇ ಫ್ರಿಜ್ಜು ಅಥವಾ ಸೋರುವ ನಲ್ಲಿಯಿಂದಾಗಿ ಪದೇಪದೇ ಓಡುವ ಪಂಪು.

"ಗೃಹಜ್ಯೋತಿ ಇದೆಯಲ್ಲ, ಸೊನ್ನೆ ಬಿಲ್ ಬರುತ್ತೆ, ನಮಗೇಕೆ ಈ ಉಸಾಬರಿ" ಎನ್ನುವವರಿದ್ದಾರೆ. 2023ರಲ್ಲಿ ಶುರುವಾದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ. 10 ಸೇರಿಸಿ ಮಿತಿ ಕಟ್ಟಲಾಯಿತು. ಸರಾಸರಿ 80 ಇದ್ದ ಮನೆಗೆ 88. ಅದನ್ನು ಮೀರಿದರೆ ಹೆಚ್ಚಿಗೆ ಬಳಸಿದಷ್ಟಕ್ಕೆ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಈ ಮಿತಿಯ ಭಯಕ್ಕೇ ಎಷ್ಟೋ ಹಿರಿಯರು ದೀಪ, ಫ್ಯಾನು ಆರಿಸುತ್ತಾರೆ. ಸಾಧನಗಳನ್ನು ಬದಲಿಸಿಬಿಟ್ಟರೆ ಆ ಭಯವೇ ಇರುವುದಿಲ್ಲ.

ಬಿಲ್ ಆದ ಮೇಲೆ, ಒಂದು ರಜೆಯ ದಿನ ಅಪ್ಪ-ಅಮ್ಮನ ಜೊತೆ ಬೆಳಗಿನಿಂದ ರಾತ್ರಿವರೆಗೆ ಇದ್ದು ನೋಡಿ. ಎಲ್ಲಿ ಕೂರುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾವ ಸ್ವಿಚ್ಚಿಗೆ ಕೈ ಎಟುಕುವುದಿಲ್ಲ, ಸ್ನಾನದ ನೀರು ಎಲ್ಲಿ ಕಾಯುತ್ತದೆ, ಬಕೆಟ್ಟು ಯಾರು ಹೊರುತ್ತಾರೆ. ಏನು ಕೊಳ್ಳಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಎಂಟು ಕೋಣೆಯ ಮನೆಯಲ್ಲಿ ಎಷ್ಟೋ ಸಲ ಬಳಕೆಯಲ್ಲಿರುವುದು ಮೂರೇ ಕೋಣೆ. ನಿಮ್ಮ ದುಡ್ಡೂ ಆ ಮೂರಕ್ಕೇ ಮೊದಲು ಹೋಗಲಿ.

2. ವೈರಿಂಗ್ ಸರಿಪಡಿಸದೆ ಹೊಸದೇನೂ ಬೇಡ

ಮರದ ಪಟ್ಟಿಯ ಮೇಲೆ ಹರಿದ ವೈರು, ಪಿಂಗಾಣಿ ಫ್ಯೂಸು, ಎರಡೇ ತೂತಿನ ಪ್ಲಗ್ಗು ಇರುವ ಮನೆಗಳು ಇನ್ನೂ ಸಾಕಷ್ಟಿವೆ. ಅಂಥ ಮನೆಯಲ್ಲಿ ಅರ್ತಿಂಗ್ ಇರುವುದಿಲ್ಲ, ಇದ್ದರೂ ಒಣಗಿ ಕೆಲಸ ಮಾಡುತ್ತಿರುವುದಿಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ ಮೂರು ಕೆಲಸ ಮಾಡಿಸಿ: ಅರ್ತಿಂಗ್ ಪರೀಕ್ಷೆ, ಗೀಸರ್ ಮತ್ತು ಪಂಪಿಗೆ ಬೇರೆಯೇ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಆರುವ ಸ್ವಿಚ್), ಇಡೀ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಈ ಕೊನೆಯದು ಶಾಕ್ ಹೊಡೆದ ಕ್ಷಣದಲ್ಲೇ ಕರೆಂಟ್ ಕಡಿಯುತ್ತದೆ. ಒದ್ದೆ ಬಚ್ಚಲಲ್ಲಿ ಬರಿಗಾಲಲ್ಲಿ ನಿಲ್ಲುವ ಎಪ್ಪತ್ತೈದರ ಜೀವಕ್ಕೆ ಇದಕ್ಕಿಂತ ದೊಡ್ಡ ರಕ್ಷಣೆಯನ್ನು ನೀವು ಕೊಳ್ಳಲಾರಿರಿ.

ಜೊತೆಗೆ ಒಂದು ಸಣ್ಣ ಪರೀಕ್ಷೆ. ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜು, ಯುಪಿಎಸ್ ಎರಡರ ಪ್ಲಗ್ಗನ್ನೂ ಕಿತ್ತು, ಮೀಟರ್ ಮುಂದೆ ಕೆಲವು ನಿಮಿಷ ನಿಂತುಕೊಳ್ಳಿ. ಅದರ ಪುಟ್ಟ ಕೆಂಪು ದೀಪ ಆಗಲೂ ಮಿಣುಕುತ್ತಲೇ ಇದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂದರ್ಥ. ಹಳೇ ವೈರಿಂಗಿನಲ್ಲಿ ಇದು ಅಪರೂಪವೇನಲ್ಲ.

3. ಬೆಳಕು: ಇಲ್ಲಿ ಜಿಪುಣತನ ಬೇಡವೇ ಬೇಡ

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ನಿಮಗೆ ಸಾಕೆನಿಸುವ ಬೆಳಕು ಅವರಿಗೆ ಮಬ್ಬು. ಆದ್ದರಿಂದ ದೀಪಗಳ ಸಂಖ್ಯೆ ಹೆಚ್ಚಿಸಿ, ವಾಟ್ ಇಳಿಸಿ. ಚೋಕ್ ಇರುವ ಹಳೇ ಟ್ಯೂಬ್‌ಲೈಟು ಚೋಕಿನದ್ದೂ ಸೇರಿ 50 ವಾಟಿನಷ್ಟು ಎಳೆಯುತ್ತದೆ. 20 ವಾಟಿನ ಎಲ್‌ಇಡಿ ಪಟ್ಟಿ ಅಷ್ಟೇ ಬೆಳಕು ಕೊಡುತ್ತದೆ. 60 ವಾಟಿನ ಬುರುಡೆ ಬಲ್ಬಿನ ಜಾಗಕ್ಕೆ 9 ವಾಟಿನ ಎಲ್‌ಇಡಿ ಸಾಕು. ಕರ್ನಾಟಕದಲ್ಲಿ ಹೊಸಬೆಳಕು ಯೋಜನೆಯಡಿ ಎಸ್ಕಾಂಗಳು, ಅಂದರೆ ಕರೆಂಟ್ ಸರಬರಾಜು ಕಂಪನಿಗಳು, ಹಂಚಿದ್ದೂ ಇದೇ ಬಲ್ಬು. ಆದರೂ ದೇವರ ಮನೆ, ಬಚ್ಚಲು, ಕೊಟ್ಟಿಗೆಯ ದಾರಿಯಲ್ಲಿ ಹಳೇ ಬುರುಡೆಗಳು ಉಳಿದಿರುತ್ತವೆ. ಹುಡುಕಿ ಬದಲಿಸಿ.

ಮಂಚದಿಂದ ಬಚ್ಚಲಿನವರೆಗಿನ ದಾರಿಗೆ ಮೊದಲ ಗಮನ ಕೊಡಿ. ಮಂಚದ ಬದಿಗೆ, ಮಲಗಿದಲ್ಲೇ ಕೈಗೆ ಸಿಗುವಂತೆ ಒಂದು ಸ್ವಿಚ್. ದಾರಿಯಲ್ಲಿ ಅರ್ಧ ವಾಟಿನ ರಾತ್ರಿ ದೀಪ, ಅಥವಾ ಯಾರಾದರೂ ನಡೆದರೆ ತಾನೇ ಹತ್ತಿ ತಾನೇ ಆರುವ ಸೆನ್ಸರ್ ದೀಪ. ಹಳೇ ಮನೆಯ ಹೊಸ್ತಿಲು ಎತ್ತರ. ಅದನ್ನು ತೆಗೆಸಲು ಹಿರಿಯರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅಂಚಿಗೆ ಹಳದಿ ಅಥವಾ ಬಿಳಿ ಬಣ್ಣದ ಪಟ್ಟಿ ಎಳೆದರೆ ಎದ್ದು ಕಾಣುತ್ತದೆ. ಮೆಟ್ಟಿಲಿಗೆ ಮೇಲೂ ಕೆಳಗೂ ಸ್ವಿಚ್ ಇರಲಿ. ರೆಡ್ ಆಕ್ಸೈಡ್ ನೆಲ ಒದ್ದೆಯಾದರೆ ಜಾರುತ್ತದೆ. ಅದರ ಮೇಲೆ ಮಡಚಿಕೊಳ್ಳುವ ಕಾಲೊರಸು ಇಡಬೇಡಿ, ತಳಕ್ಕೆ ರಬ್ಬರ್ ಇರುವುದೇ ಆಗಲಿ.

ಹಗಲಿನ ಬೆಳಕಿಗೆ ಹೆಂಚಿನ ಮನೆಯವರು ಒಂದು ಸುಲಭ ದಾರಿ ಇಟ್ಟುಕೊಂಡಿದ್ದಾರೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಆ ಹೆಂಚಿನ ಅಳತೆಗೇ ಗಾಜಿನ ಹೆಂಚು ಸಿಗುತ್ತದೆ. ಅಡುಗೆಮನೆಯ ಒಲೆಯ ಮೇಲೆ ಎರಡು, ನಡುಮನೆಗೆ ಎರಡು ಹಾಕಿಸಿದರೆ ಹಗಲು ದೀಪವೇ ಬೇಡ. ನಾಲ್ಕಕ್ಕಿಂತ ಹೆಚ್ಚು ಹಾಕಿದರೆ ಬಿಸಿಲು ಒಳಗಿಳಿದು ಸೆಖೆಯಾಗುತ್ತದೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಬೆಳಕಿಂಡಿಗಳನ್ನು ಮಳೆ ಸೋರುತ್ತದೆಂದು ಮುಚ್ಚಿಬಿಟ್ಟಿರುತ್ತಾರೆ. ಮೇಲೆ ಗಾಜು ಕೂರಿಸಿ, ಪಕ್ಕದಲ್ಲಿ ಗಾಳಿಯಾಡಲು ಜಾಗ ಬಿಟ್ಟು ಮತ್ತೆ ತೆರೆಯಿಸಿ.

ಬೆಳಗಿನ ಹೊತ್ತು ಹೊರಗೆ ಬಂದು ಕೂರುವ ಅಭ್ಯಾಸ ಇದರ ಜೊತೆಗೇ ಬರಬೇಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಮೈಗೆ ಬಿಸಿಲು ಬಿದ್ದರೆ ಡಿ ಜೀವಸತ್ವ ಸಿಗುತ್ತದೆ. ಜಗಲಿಯಲ್ಲಿ ತೋಳಿರುವ ಗಟ್ಟಿ ಕುರ್ಚಿ ಒಂದಿರಲಿ. ಅದು ವ್ಯಾಯಾಮಕ್ಕೂ ಆಗುತ್ತದೆ: ಕೈಯೂರದೆ ಏಳುವುದು, ಕೂರುವುದು, ಹತ್ತು ಸಲ. ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ ಹೇಳುತ್ತದೆ. ಜೊತೆಗೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಬೇಕು ಎನ್ನುತ್ತದೆ. ನಮ್ಮಲ್ಲಿ ವಾಕಿಂಗ್ ಮಾಡುವವರು ಬೇಕಾದಷ್ಟು ಜನ. ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸುವುದು ಮಾತ್ರ ಹೆಚ್ಚಾಗಿ ಆ ಎರಡನೆಯ ಭಾಗ, ಅದನ್ನೇ ಬಿಟ್ಟುಬಿಡುತ್ತೇವೆ.

4. ತಾರಸಿ: ಸೆಖೆ ಬರುವುದೇ ಅಲ್ಲಿಂದ

ಆರ್‌ಸಿಸಿ ತಾರಸಿ ಹಗಲಿಡೀ ಬಿಸಿಲು ಕುಡಿದು, ರಾತ್ರಿ ಆ ಬಿಸಿಯನ್ನು ಕೋಣೆಯೊಳಗೆ ಬಿಡುತ್ತದೆ. ಹಿರಿಯರ ನಿದ್ದೆ ಕೆಡುವುದು, ಬೆಳಿಗ್ಗೆ ತಲೆ ಭಾರವಾಗುವುದು ಎಷ್ಟೋ ಕಡೆ ಇದರಿಂದಲೇ. ಎ.ಸಿ. ಕೊಳ್ಳುವ ಮುಂಚೆ ತಾರಸಿಗೆ ಬಿಳಿ ಬಳಿಸಿ. ಒಳಗಿನ ಸೆಖೆ ಎರಡರಿಂದ ಐದು ಡಿಗ್ರಿಯಷ್ಟು ಇಳಿಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದಿದೆ.

ಮಾಡುವ ವಿಧಾನ ಹೀಗೆ. ಚಳಿ ಮುಗಿದು ಫೆಬ್ರವರಿ ಬಂದಾಗ ತಾರಸಿ ಗುಡಿಸಿ, ಪಾಚಿಯನ್ನು ಗಟ್ಟಿ ಪೊರಕೆಯಲ್ಲಿ ಉಜ್ಜಿ ತೆಗೆಸಿ. ಬಿರುಕುಗಳಿಗೆ ಸಿಮೆಂಟು ತುಂಬಿಸಿ ಒಣಗಲು ಬಿಡಿ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ, ಸೋಸಿ, ಹಿಡಿತಕ್ಕೆ ಅಂಟು ಬೆರೆಸಿ. ತಾರಸಿಗೆ ನೀರು ಚಿಮುಕಿಸಿ ಸಂಜೆ ಹೊತ್ತು ಮೊದಲ ಕೈ, ಒಣಗಿದ ಮೇಲೆ ಎರಡನೆಯದು, ಸಾಧ್ಯವಾದರೆ ಮೂರನೆಯದು. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ವರ್ಷವೂ ಮಾಡಬೇಕು. ಬೇಸರವಾದರೆ ಬಿಸಿಲು ಪ್ರತಿಫಲಿಸುವ ತಾರಸಿ ಪೇಂಟ್ ಕೆಲವು ವರ್ಷ ಬಾಳುತ್ತದೆ, ಬೆಲೆ ಹೆಚ್ಚು. ಕೆಲಸ ಗಾರೆಯವರಿಂದ ಆಗಲಿ, ಹಿರಿಯರು ಏಣಿ ಹತ್ತುವುದು ಬೇಡ. ಬಿಳಿ ತಾರಸಿಯ ಮೇಲೆ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುವುದರಿಂದ ಹಪ್ಪಳ, ಸಂಡಿಗೆ ಒಣಗಿಸಲು ಹೋಗುವವರು ಬೆಳಿಗ್ಗೆಯೇ ಹೋಗಿ ಬರಲಿ.

ಪಶ್ಚಿಮದ ಗೋಡೆಗೆ ಚಪ್ಪರ ಕಟ್ಟಿ ಹೀರೆ, ತೊಂಡೆ, ಚಪ್ಪರದವರೆ ಹಬ್ಬಿಸಿ. ಗೋಡೆ ತಂಪು, ಊಟಕ್ಕೆ ತರಕಾರಿ, ಬಗ್ಗಿ ಏಳುವ ಕೆಲಸ ಮೂರೂ ಸಿಗುತ್ತವೆ.

ಹಳೇ ಮನೆಯ ಒಳ್ಳೆಯ ಗುಣಗಳನ್ನು ಕೆಡಿಸದಿರುವುದೂ ಉಳಿತಾಯವೇ. ದಪ್ಪ ಮಣ್ಣಿನ ಗೋಡೆ, ಮರದ ಅಟ್ಟ, ಮನೆಯ ನಡುವಿನ ತೆರೆದ ತೊಟ್ಟಿಯಿಂದ ಮೇಲೇಳುವ ಬಿಸಿಗಾಳಿ, ಮಾಡಿನ ತುದಿಯ ಗಾಳಿಗಂಡಿ ಇವೆಲ್ಲ ಕರೆಂಟ್ ಬಾರದ ಕಾಲದಲ್ಲಿ ಯೋಚಿಸಿ ಮಾಡಿದ ಏರ್ಪಾಡು. ಅಟ್ಟ ಕಿತ್ತು, ತೊಟ್ಟಿಗೆ ಶೀಟ್ ಹೊದಿಸಿದ ಮನೆಗಳು ಮೇ ತಿಂಗಳಲ್ಲಿ ಕಾದ ಬಾಣಲೆ. ಇದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಳೆ ಸೋರುವುದೇ ತೊಂದರೆಯಾದರೆ ತೊಟ್ಟಿಯ ಮೇಲೆ ಒಂದೆರಡು ಅಡಿ ಎತ್ತರಿಸಿ, ನಾಲ್ಕೂ ಬದಿ ತೆರೆದಿಟ್ಟು ಹೊದಿಕೆ ಹಾಕಿಸಬಹುದು.

5. ಗಾಳಿ, ನೀರು, ಸೆಖೆಯ ದಿನಗಳು

ಮಲಗುವ ಕೋಣೆ ಮತ್ತು ಹಗಲು ಕೂರುವ ಜಾಗದ ಫ್ಯಾನುಗಳನ್ನು ಮಾತ್ರ ಮೊದಲು ಬದಲಿಸಿ. ಹಳೇ ಫ್ಯಾನು 70ರಿಂದ 80 ವಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಆಗ ಹೇಳಿದ ಮೂರು ಫ್ಯಾನಿನ 80 ಯೂನಿಟ್ 32ಕ್ಕೆ ಇಳಿಯುತ್ತದೆ. ಒಂದು ಫ್ಯಾನಿನ ಬೆಲೆ ಸುಮಾರು ಮೂರು ಸಾವಿರ. ರಿಮೋಟ್ ಇರುವುದರಿಂದ ನಡುರಾತ್ರಿ ವೇಗ ತಗ್ಗಿಸಲು ಏಳಬೇಕಾಗಿಲ್ಲ. ರಿಮೋಟನ್ನು ದಾರ ಕಟ್ಟಿ ಮಂಚಕ್ಕೆ ತೂಗುಹಾಕಿ.

ಬಯಲುಸೀಮೆಯಲ್ಲಿ ರಾತ್ರಿ ಕಿಟಕಿ ತೆರೆದು, ಬೆಳಿಗ್ಗೆ ಒಂಬತ್ತರೊಳಗೆ ಬಿಸಿಲು ಬೀಳುವ ಬದಿಯ ಕಿಟಕಿ ಮುಚ್ಚುವುದು ಹಳೆಯ ಪದ್ಧತಿ, ಈಗಲೂ ಇದೇ ಸರಿ. ಸೊಳ್ಳೆ ಪರದೆಯ ಚೌಕಟ್ಟು ಹಾಕಿಸಿದರೆ ರಾತ್ರಿ ತೆರೆಯಲು ಧೈರ್ಯ ಬರುತ್ತದೆ. ಒಣ ಸೆಖೆಯ ಊರುಗಳಲ್ಲಿ ಕೂಲರ್, ಲಾವಂಚದ ತಟ್ಟಿ ಚೆನ್ನಾಗಿ ಕೆಲಸ ಮಾಡುತ್ತವೆ. ಕರಾವಳಿಯ ತೇವಕ್ಕೆ ಅವು ನಡೆಯುವುದಿಲ್ಲ, ಅಲ್ಲಿ ಬೀಸುಗಾಳಿಯೇ ಉಪಾಯ. ಎ.ಸಿ. ಇದ್ದೇ ಇದ್ದರೆ 26ಕ್ಕೆ ಇಟ್ಟು ಫ್ಯಾನು ಹಾಕಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6 ಕರೆಂಟ್ ಉಳಿಯುತ್ತದೆ.

ಕಲಬುರಗಿ, ರಾಯಚೂರಿನ ಕಡೆಯವರು ಒಂದು ವಿಷಯ ಗಮನಿಸಬೇಕು. ಕೋಣೆಯ ಸೆಖೆಯೇ 40 ಡಿಗ್ರಿ ದಾಟಿದರೆ ಫ್ಯಾನು ಮೈ ತಂಪು ಮಾಡುವುದಿಲ್ಲ, ಬಿಸಿಗಾಳಿ ತಂದು ಹಾಕುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ತಣ್ಣೀರಲ್ಲಿ ಕಾಲಿಡುವುದು, ಕೆಳಗಿನ ಮನೆಯ ತಂಪು ಕೋಣೆಗೆ ಹೋಗುವುದು ಬೇಕು. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ತಡ. ಆದ್ದರಿಂದ ಬೆಳಿಗ್ಗೆಯೇ ಹೂಜಿ ತುಂಬಿಸಿ ಕಣ್ಣಿಗೆ ಬೀಳುವಲ್ಲಿ ಇಡಿ, ಸಂಜೆಯೊಳಗೆ ಖಾಲಿಯಾಗಬೇಕೆಂದು ಮಾತು ಮಾಡಿಕೊಳ್ಳಿ. ಹೃದಯ, ಕಿಡ್ನಿ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಲಿ. ಬಿ.ಪಿ. ಇರುವವರ ಮಜ್ಜಿಗೆಗೆ ಉಪ್ಪು ಬೇಡ. ಸೆಖೆಯ ದಿನ ಹಿರಿಯರು ಇದ್ದಕ್ಕಿದ್ದಂತೆ ಗಲಿಬಿಲಿಯಾಗಿ ಮಾತಾಡಿದರೆ, ಮೈ ಬೆಂಕಿಯಂತೆ ಸುಡುತ್ತಿದ್ದರೆ ಮಲಗಿ ಸುಧಾರಿಸಿಕೊಳ್ಳಲಿ ಎಂದು ಕಾಯಬೇಡಿ. ಮೈಗೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಿ.

6. ಬಚ್ಚಲು ಮತ್ತು ಬಿಸಿನೀರು

ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ರಾಡು ಮನೆಯಲ್ಲಿದ್ದರೆ ಇವತ್ತೇ ತೆಗೆದುಹಾಕಿ. ಆರಿಸಿದೆನೋ ಇಲ್ಲವೋ ಮರೆತು ಬೆರಳದ್ದಿ ನೋಡುವ ಅಪಾಯ ಹಿರಿಯರಿಗೇ ಹೆಚ್ಚು.

ಸೋಲಾರ್ ಹೀಟರ್ ಇಬ್ಬರಿಗೆ 100 ಲೀಟರಿನದು ಸಾಕು. ಗಡಸು ಬೋರ್‌ವೆಲ್ ನೀರಿದ್ದರೆ ಕೊಳವೆಯೊಳಗೆ ಸುಣ್ಣ ಕಟ್ಟಿಕೊಳ್ಳುತ್ತದೆ. ಮಾರುವವರಿಗೆ ನೀರಿನ ವಿಷಯ ಮೊದಲೇ ಹೇಳಿ, ಅದಕ್ಕೆ ಹೊಂದುವ ಬಗೆಯನ್ನೇ ಕೇಳಿ. ಹೆಂಚಿನ ಮಾಡಿನ ಮೇಲೆ ನೇರ ಕೂರಿಸುವಂತಿಲ್ಲ, ಪಕ್ಕದಲ್ಲಿ ಸ್ಟ್ಯಾಂಡ್ ಬೇಕು. ತಾರಸಿಯಿಂದ ಬಚ್ಚಲಿನವರೆಗಿನ ಪೈಪಿಗೆ ಹೊದಿಕೆ ಸುತ್ತಿಸಿ, ಇಲ್ಲದಿದ್ದರೆ ಕಾದ ನೀರು ದಾರಿಯಲ್ಲೇ ತಣಿಯುತ್ತದೆ. ಮೊದಲು ಬರುವ ತಣ್ಣೀರನ್ನು ಬಕೆಟ್ಟಲ್ಲಿ ಹಿಡಿದು ಗಿಡಗಳಿಗೆ ಹಾಕಿ.

ಗೀಸರೇ ಆದರೆ ಥರ್ಮೋಸ್ಟಾಟ್ 50 ಡಿಗ್ರಿಯ ಆಸುಪಾಸಿಗೆ ಇಳಿಸಿ, ಸ್ನಾನಕ್ಕೆ ಮುಂಚೆ ಹಾಕಿ ಇಳಿಯುವ ಮೊದಲೇ ಆರಿಸಿ. ಹಿರಿಯರ ಚರ್ಮ ತೆಳು, ಬೇಗ ಬೇಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರಿಗೆ ಬಿಸಿಯೂ ಗೊತ್ತಾಗುವುದಿಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು, ಮೊಣಕೈಯಿಂದ ಪರೀಕ್ಷೆ.

ಮಲೆನಾಡಿನಲ್ಲಿ ಹಂಡೆ ಒಲೆ ಬಿಡಲು ಯಾರೂ ಒಪ್ಪುವುದಿಲ್ಲ, ಮಳೆಗಾಲದಲ್ಲಿ ಸೋಲಾರ್ ನಂಬಿ ಕೂರುವಂತೆಯೂ ಇಲ್ಲ. ಆದರೆ ಆ ಹೊಗೆ ದಮ್ಮು ಇರುವವರಿಗೆ ವಿಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ರೂಪಿಸಿದ ಒಲೆಗಳು ಇದಕ್ಕೆಂದೇ ಇವೆ. ಸೌದೆ ಕಡಿಮೆ ಸಾಕು, ಹೊಗೆ ಚಿಮಣಿಯಲ್ಲಿ ಹೊರಹೋಗುತ್ತದೆ. ಒಲೆ ಕಟ್ಟಬಲ್ಲವರನ್ನು ಕರೆಸಿ ಹಳೇ ಹಂಡೆಗೇ ಹೊಂದುವಂತೆ ಕಟ್ಟಿಸಿ, ಹಂಡೆಗೆ ನಲ್ಲಿ ಕೂರಿಸಿ. ಕುದಿನೀರಿನ ಬಕೆಟ್ ಹೊತ್ತು ನಡೆಯುವ ಕೆಲಸ ತಪ್ಪುತ್ತದೆ. ಗೋಡೆಗೆ ಹಿಡಿದುಕೊಳ್ಳುವ ಸರಳು, ಒಳಗೊಂದು ಜಾರದ ಸ್ಟೂಲು ಇರಲೇಬೇಕು.

7. ಅಡುಗೆಮನೆ, ಫ್ರಿಜ್ಜು

ಇಬ್ಬರಿಗೆಂದು ಅಡುಗೆ ಮಾಡಲು ಬೇಸರವಾಗಿ ಬೆಳಿಗ್ಗೆ ಅವಲಕ್ಕಿ, ರಾತ್ರಿ ಗಂಜಿಯಲ್ಲಿ ದಿನ ತಳ್ಳುವವರು ಬಹಳ. ಹಾಗಾದರೆ ಪ್ರೊಟೀನ್ ಸಾಲದೆ ಸ್ನಾಯು ಕರಗುತ್ತದೆ, ಕಾಲಿನ ಬಲ ಹೋಗುತ್ತದೆ. ರಾತ್ರಿ ನೆನೆಸಿದ ಹೆಸರುಕಾಳು, ಅಲಸಂದೆ, ಕಡಲೆ ಕುಕ್ಕರಿನಲ್ಲಿ ಬೇಗ ಬೇಯುತ್ತವೆ, ಗ್ಯಾಸೂ ಉಳಿಯುತ್ತದೆ. ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ದಿನಕ್ಕೊಮ್ಮೆಯಾದರೂ ಇರಲಿ. ಪೇಸ್‌ಮೇಕರ್ ಇರುವವರು ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಲ್ಲಬೇಕು, ಕೊಳ್ಳುವ ಮುಂಚೆ ಹೃದ್ರೋಗ ವೈದ್ಯರನ್ನು ಕೇಳಿ.

ಫ್ರಿಜ್ಜಿನ ಬಾಗಿಲಿಗೆ ನೋಟೊಂದನ್ನು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಹೋಗಿದೆ, ಬದಲಿಸಿ. ಗೋಡೆಯಿಂದ ಗೇಣು ದೂರ ಇಡಿ. ಹೊಸದು ಕೊಳ್ಳುವಾಗ ನಕ್ಷತ್ರದ ಜೊತೆ ಲೇಬಲ್ಲಿನ ಮೇಲಿರುವ ವರ್ಷದ ಯೂನಿಟ್ ಸಂಖ್ಯೆಯನ್ನೂ ಓದಿ, ಇಬ್ಬರಿಗೆ ಸಣ್ಣದೇ ಸಾಕು. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ್ದರಿಂದ ಅದನ್ನು ಮಧ್ಯದ ತಟ್ಟೆಯಲ್ಲಿಡಿ, ಮಂಜುಗಟ್ಟುವ ಪೆಟ್ಟಿಗೆಯಲ್ಲೂ ಬಾಗಿಲಲ್ಲೂ ಬೇಡ.

ಟಿ.ವಿ. ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಎಳೆಯುತ್ತಲೇ ಇರುತ್ತದೆ. 10 ವಾಟಿನದಾದರೆ ತಿಂಗಳಿಗೆ 7 ಯೂನಿಟ್. ಅದರ ಸ್ವಿಚ್ಚನ್ನು ಸೊಂಟದೆತ್ತರಕ್ಕೆ ತಂದುಕೊಡಿ, ಬಗ್ಗಬೇಕಾದ ಕಡೆ ಇದ್ದರೆ ಯಾರೂ ಆರಿಸುವುದಿಲ್ಲ.

8. ತಾರಸಿ ಸೋಲಾರ್ ಯಾವಾಗ?

ಇದು ಕೊನೆಯ ಹೆಜ್ಜೆ, ಬಳಕೆ ಇಳಿಸಿದ ಮೇಲೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಒಂದು ಕಿಲೋವಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ನಾಲ್ಕು ಯೂನಿಟ್‌ವರೆಗೆ ಬರುತ್ತದೆ. ಸೊನ್ನೆ ಬಿಲ್ ಬರುತ್ತಿರುವ ಇಬ್ಬರ ಮನೆಗೆ ಇದರಿಂದ ಸದ್ಯ ಹೆಚ್ಚು ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ. ಮೇಲೆ ಬಾಡಿಗೆದಾರರಿದ್ದು, ತಿಂಗಳಿಗೆ 200 ದಾಟುವ ಮನೆಗೆ ಖಂಡಿತ ಇದೆ. ಹಳೇ ತಾರಸಿಯ ಬಲವನ್ನು ಎಂಜಿನಿಯರ್ ನೋಡಿ ಹೇಳಲಿ.

ಅರ್ಜಿಯನ್ನು ಮಕ್ಕಳೇ ಹಾಕಿ. "ಬಿಲ್ ಕಟ್ಟಿಲ್ಲ, ರಾತ್ರಿ ಕರೆಂಟ್ ಕಟ್ ಆಗುತ್ತೆ, ಈ ನಂಬರಿಗೆ ಫೋನ್ ಮಾಡಿ" ಎಂಬ ಸಂದೇಶ ಕಳಿಸಿ ಹಿರಿಯರ ಬ್ಯಾಂಕ್ ಖಾತೆ ಬರಿದು ಮಾಡುವವರಿದ್ದಾರೆ. ಎಸ್ಕಾಂನ ಸಹಾಯವಾಣಿ 1912 ಎಂದು ದೊಡ್ಡ ಅಕ್ಷರದಲ್ಲಿ ಬರೆದು, ನಿಮ್ಮ ನಂಬರನ್ನೂ ಅದರ ಕೆಳಗೆ ಸೇರಿಸಿ, ಮೀಟರ್ ಬೋರ್ಡಿನ ಪಕ್ಕದಲ್ಲಿ ಅಂಟಿಸಿ. ಓಟಿಪಿ ಕೇಳಿದವರು ಯಾರೇ ಆಗಿರಲಿ, ಫೋನ್ ಇಟ್ಟು ಮೊದಲು ನಿಮಗೆ ಕರೆ ಮಾಡಲು ಹೇಳಿಡಿ.